ಕಾಳಿಯ ಆಚೆ ದಡದಲ್ಲಿ ಮನೆ ಮಾಡಬಹುದೇ?

(ಹಣಕೋಣದ ಮನೆಯೊಂದರಲ್ಲಿ ಸೇರಿದ್ದ ಕಾರವಾರದ ಕೆಲವು ಕುಟುಂಬಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ನಮ್ಮನ್ನು ಇಲ್ಲಿಗೆ ಕರೆಸಿದ್ದು ಪ್ರವಚನಕ್ಕಲ್ಲ. ಈ ಮನೆಯವರು ಒಂದು ತೀರ್ಮಾನಕ್ಕೆ ಬರಬೇಕಾಗಿದೆ, ಆ ತೀರ್ಮಾನದ ಬಗ್ಗೆ ಎರಡೂ ಕಡೆಯ ಹಿರಿಯರಲ್ಲಿ ಭಿನ್ನಾಭಿಪ್ರಾಯವಿದೆ, ಆದ್ದರಿಂದ ಮೂರನೆಯವರೊಬ್ಬರು ನಾಲ್ಕು ಮಾತು ಆಡಲಿ ಎಂದು ಕರೆಸಿದ್ದಾರೆ. ಮನೆಯೊಳಗಿನ ವಿಚಾರವನ್ನು ಇಷ್ಟು ಜನರ ಮುಂದೆ ಮಾತನಾಡುವುದು ಸರಿಯೇ ಎಂದು ನಾವು ಮೊದಲೇ ಕೇಳಿದ್ದೆವು. ನಮ್ಮಂತೆ ಇನ್ನೂ ನಾಲ್ಕು ಮನೆಗಳಲ್ಲಿ ಇದೇ ಪ್ರಶ್ನೆ ಇದೆ, ಹೆಸರು ಹೇಳದೆ ಮಾತನಾಡಿ ಎಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ವಿಷಯ ಇಷ್ಟು. ಈ ಮನೆಯ ಸೊಸೆ ಕಾಳಿಯ ಉತ್ತರ ದಡದ ಸರಕಾರಿ ಶಾಲೆಯೊಂದರಲ್ಲಿ ಶಿಕ್ಷಕಿ. ಗಂಡನಿಗೆ ಕಾರವಾರ ಪೇಟೆಯಲ್ಲಿ ಮೊಬೈಲ್ ದುರಸ್ತಿಯ ಅಂಗಡಿ. ಮದುವೆಯಾದಂದಿನಿಂದ ಆಕೆ ಬೆಳಿಗ್ಗೆ ಮೊಹಲ್ಲಾದಿಂದ ಹೊರಟು, ಕೋಡಿಬಾಗದ ಬಳಿ ಸೇತುವೆ ದಾಟಿ, ಸದಾಶಿವಗಡದಲ್ಲಿ ಬಸ್ಸು ಬದಲಿಸಿ ಶಾಲೆಗೆ ಹೋಗುತ್ತಿದ್ದರು. ಸಂಜೆ ಅದೇ ದಾರಿ. ಮಳೆಗಾಲದಲ್ಲಿ ಬಸ್ಸು ತಪ್ಪಿದರೆ ಮನೆ ಸೇರುವಾಗ ಮಗ್ರಿಬ್ ಕಳೆದಿರುತ್ತಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ ಕಾಳಿಯ ಹಳೆಯ ಸೇತುವೆ ಕುಸಿದು ಬಿದ್ದದ್ದು ತಮಗೆಲ್ಲ ನೆನಪಿದೆ. ಒಂದು ಲಾರಿ ನದಿಗೆ ಬಿತ್ತು. ಅದರ ಚಾಲಕನನ್ನು ಜೀವಂತವಾಗಿ ಮೇಲೆತ್ತಲಾಯಿತು. ಅದಕ್ಕೂ ಮೂರು ವಾರಗಳ ಹಿಂದೆ, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜರಿದು ಹಲವರು ಪ್ರಾಣ ಕಳಕೊಂಡಿದ್ದರು. ಆ ಸೇತುವೆಯ ಮೇಲೆ ಪ್ರತಿದಿನ ಎರಡು ಬಾರಿ ಹೋಗಿ ಬರುತ್ತಿದ್ದ ಸೊಸೆಯನ್ನು ನೋಡಿ ಅತ್ತೆಯವರು, "ಸಾಕಮ್ಮಾ, ಕೆಲಸ ಬಿಡು" ಎಂದರು. ಪ್ರೀತಿಯಿಂದಲೇ ಹೇಳಿದರು. ಸೊಸೆ ಕೆಲಸ ಬಿಡಲಿಲ್ಲ. "ಅಮ್ಮಾ, ಕೆಲಸವನ್ನು ಈಚೆಗೆ ತರಲು ಆಗುವುದಿಲ್ಲ, ಮನೆಯನ್ನು ಆಚೆಗೆ ಒಯ್ಯಬಹುದಲ್ಲ" ಎಂದರು.

ಹಾಗೆ ಹಣಕೋಣದಲ್ಲಿ ಈ ಮನೆಯನ್ನು ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆ ಹಿಡಿದರು. ಕರಾರು ಮುಗಿಯುತ್ತಾ ಬಂದಿದೆ. ಪಕ್ಕದ ಐದು ಗುಂಟೆ ಜಾಗವನ್ನು ಕೊಡಲು ಮನೆಯ ಯಜಮಾನರು ಮುಂದೆ ಬಂದಿದ್ದಾರೆ. ತೆಗೆದುಕೊಂಡು ಇಲ್ಲಿಯೇ ನೆಲೆ ನಿಲ್ಲುವುದೇ, ಅಥವಾ ಪುನಃ ಮೊಹಲ್ಲಾಕ್ಕೆ ಮರಳುವುದೇ?

ಮರಳಬೇಕು ಎನ್ನುವವರ ಮಾತುಗಳನ್ನು ನಾವು ನಿನ್ನೆಯಿಂದ ಕೇಳುತ್ತಿದ್ದೇವೆ. ಹೆಂಡತಿಯ ಉದ್ಯೋಗದ ಹಿಂದೆ ಗಂಡ ಮನೆ ಕಟ್ಟಿಕೊಂಡು ಹೋಗುವುದು ಮರ್ಯಾದೆಯೇ ಎಂಬುದು ಒಂದು. ಬಾಂಗ್ ಕೇಳಿಸದ ಊರಿನಲ್ಲಿ ಮಕ್ಕಳ ದೀನ್ ಉಳಿಯುವುದೇ ಎಂಬುದು ಇನ್ನೊಂದು. ಕಾಲ ಕೆಟ್ಟಿದೆ, ನಾಳೆ ಏನಾದರೂ ಆದರೆ ಒಂಟಿ ಮನೆಗೆ ಯಾರು ದಿಕ್ಕು ಎಂಬುದು ಮತ್ತೊಂದು. ಇವಕ್ಕಿಂತ ಸಣ್ಣ ದನಿಯಲ್ಲಿ ಹೇಳಿದ, ಆದರೆ ಎಲ್ಲಕ್ಕಿಂತ ಗಟ್ಟಿಯಾಗಿ ನಾಟಿದ ಮಾತೊಂದಿದೆ: ಮೊಹಲ್ಲಾ ಬಿಟ್ಟವರ ಹೆಸರನ್ನು ಜಮಾಅತಿನ ಪುಸ್ತಕದಲ್ಲಿ ಇಡಬೇಕೇ ಎಂಬ ಚರ್ಚೆ ಎದ್ದಿದೆಯಂತೆ. ಅದಕ್ಕೆ ಕೊನೆಯಲ್ಲಿ ಬರುತ್ತೇವೆ.

ಮರ್ಯಾದೆಯ ಮಾತು ಮೊದಲು. ಮಗುವಿಗೆ ಎದೆಹಾಲು ಬಿಡಿಸುವ ವಿಚಾರದಲ್ಲಿಯೂ ತಂದೆ ತಾಯಿ ಇಬ್ಬರೂ ಪರಸ್ಪರ ಒಪ್ಪಿ, ಸಮಾಲೋಚಿಸಿ ನಿರ್ಧರಿಸಬೇಕೆಂದು ಪವಿತ್ರ ಕುರ್‌ಆನ್ ಅಲ್‌ಬಕರಃ ಅಧ್ಯಾಯದಲ್ಲಿ ತಿಳಿಸುತ್ತದೆ. ಹಾಲು ಬಿಡಿಸುವುದಕ್ಕೆ ಮಶ್ವರಾ ಬೇಕಾದರೆ, ಇಡೀ ಸಂಸಾರ ಎಲ್ಲಿ ಬಾಳಬೇಕು ಎಂಬುದಕ್ಕೆ ಬೇಡವೇ? ನಮ್ಮ ಮನೆಗಳಲ್ಲಿ ಗಂಡನಿಗೆ ದಮ್ಮಾಮ್‌ನಲ್ಲಿ ಕೆಲಸ ಸಿಕ್ಕರೆ ಹೆಂಡತಿ ಮಕ್ಕಳನ್ನು ಬಿಟ್ಟು ಹೋಗುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ತಂದೆಯನ್ನು ಮಕ್ಕಳು "ಮಾಮಾ" ಎಂದು ಕರೆದ ಕಥೆಯನ್ನು ನಗುತ್ತಾ ಹೇಳಿಕೊಳ್ಳುತ್ತೇವೆ. ಸಮುದ್ರದಾಚೆಗೆ ಸಂಸಾರವನ್ನು ಒಡೆಯುವುದು ಸಹಜ, ಆದರೆ ಸಂಸಾರ ಒಟ್ಟಾಗಿ ಒಂದು ನದಿ ದಾಟುವುದು ಅವಮಾನ! ಇದು ಯಾವ ಶರೀಅತ್ತಿನ ಲೆಕ್ಕ? ಆಕೆಯ ಸಂಬಳದ ಮೇಲೆ ಗಂಡನಿಗೆ ಹಕ್ಕಿಲ್ಲ ಎಂಬ ಮಸ್‌ಅಲ ನಮಗೆ ಗೊತ್ತಿದೆ. ಮನೆ ನಡೆಸುವ ಹೊಣೆ ಗಂಡನದ್ದೇ ಎಂಬುದೂ ಗೊತ್ತಿದೆ. ಹಾಗಿದ್ದೂ ಆಕೆ ಮನೆಗೆ ಕೊಡುತ್ತಿದ್ದರೆ ಅದು ಔದಾರ್ಯ. ಔದಾರ್ಯ ತೋರಿದವರ ಪ್ರಯಾಣದ ದಣಿವನ್ನು ಕಡಿಮೆ ಮಾಡುವುದರಲ್ಲಿ ಮರ್ಯಾದೆ ಹೋಗುವುದಿಲ್ಲ.

ಈಗ ದಿನವೂ ಸೇತುವೆ ದಾಟುವವನು ಗಂಡ. ಅಂಗಡಿಯನ್ನು ಹತ್ತು ಗಂಟೆಗೆ ತೆರೆದರೂ ನಡೆಯುತ್ತದೆ. ಶಾಲೆಯ ಗಂಟೆ ಯಾರಿಗೂ ಕಾಯುವುದಿಲ್ಲ. ಇಷ್ಟು ಸರಳ ಲೆಕ್ಕ ಇದು. ಇಲ್ಲಿ ಒಂದು ಹದೀಸ್ ನೆನಪಾಗುತ್ತದೆ. ಹಝ್ರತ್ ಉಮರ್(ರ) ಮದೀನ ಪೇಟೆಯ ನಡುವೆ ವಾಸವಾಗಿರಲಿಲ್ಲ. ಊರಿನ ಮೇಲ್ಭಾಗದ ಅವಾಲೀ ಎಂಬ ಹೊರವಲಯದಲ್ಲಿ, ಬನೂ ಉಮಯ್ಯ ಇಬ್ನ್ ಝೈದ್ ಎಂಬ ಅನ್ಸಾರರ ನಡುವೆ ಅವರ ಮನೆಯಿತ್ತು. ದಿನವೂ ಪ್ರವಾದಿ(ಸ)ಯವರ ಸನ್ನಿಧಿಗೆ ಇಳಿದು ಬರುವುದು ಕಷ್ಟವಾದುದರಿಂದ ಅವರು ತಮ್ಮ ಅನ್ಸಾರಿ ನೆರೆಯವರೊಂದಿಗೆ ಸರದಿ ಮಾಡಿಕೊಂಡಿದ್ದರು. ಒಂದು ದಿನ ಇವರು ಹೋಗುವುದು, ಮರುದಿನ ಅವರು. ಹೋದವರು ಆ ದಿನ ಅವತೀರ್ಣವಾದ ವಚನಗಳನ್ನೂ ಸುದ್ದಿಗಳನ್ನೂ ಇದ್ದವರಿಗೆ ತಲುಪಿಸುವುದು. ಸಹೀಹ್ ಬುಖಾರಿಯ ಜ್ಞಾನದ ಅಧ್ಯಾಯದಲ್ಲಿ ಇದಿದೆ. ಮದ್ರಸದಲ್ಲಿ ಓದುವಾಗ ಇದನ್ನು ವಿದ್ಯಾರ್ಜನೆಯ ಹದೀಸ್ ಎಂದಷ್ಟೇ ಕಲಿತಿದ್ದೆವು. ಇದು ದುಡಿಮೆ, ದೂರ, ನೆರೆಹೊರೆ ಮೂರನ್ನೂ ಒಟ್ಟಿಗೆ ನಿಭಾಯಿಸಿದವರ ಕಥೆ ಎಂದು ಹೊಳೆದದ್ದು ಬಹಳ ತಡವಾಗಿ, ನಾವೇ ಬಾಡಿಗೆ ಮನೆ ಹುಡುಕುತ್ತಾ ಅಲೆದ ಕಾಲದಲ್ಲಿ.

ಇನ್ನು ಬಾಂಗ್ ಕೇಳಿಸದ ಊರಿನ ವಿಚಾರ. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬನೂ ಸಲಿಮ ಎಂಬ ಅನ್ಸಾರರ ಗೋತ್ರದ ಮನೆಗಳು ಪ್ರವಾದಿಯವರ ಮಸೀದಿಯಿಂದ ದೂರದಲ್ಲಿದ್ದವು. ಮಸೀದಿಯ ಬಳಿ ಜಾಗ ತೆರವಾದಾಗ ಅವರು ಅಲ್ಲಿಗೆ ಬಂದು ನೆಲೆಸಲು ಬಯಸಿದರು. ಎಷ್ಟು ಒಳ್ಳೆಯ ಬಯಕೆ! ಆದರೆ ಸುದ್ದಿ ತಿಳಿದ ಪ್ರವಾದಿ(ಸ)ಯವರು, ಇದ್ದಲ್ಲಿಯೇ ಇರುವಂತೆಯೂ, ಅವರು ನಡೆದು ಬರುವ ಹೆಜ್ಜೆಗಳು ದಾಖಲಾಗುತ್ತವೆಂದೂ ಅವರಿಗೆ ತಿಳಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಬುಖಾರಿಯ ವರದಿಯಲ್ಲಿ ಇನ್ನೊಂದು ವಿವರವಿದೆ: ಮದೀನದ ಅಂಚು ಬರಿದಾಗುವುದನ್ನು ಪ್ರವಾದಿ(ಸ)ಯವರು ಇಷ್ಟಪಡಲಿಲ್ಲ. ಈ ಎರಡನೆಯ ವಿವರದ ಮೇಲೆ ತಮ್ಮ ಗಮನ ಹರಿಯಲಿ. ಎಲ್ಲರೂ ಮಸೀದಿಯ ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿದರೆ ಊರಿನ ಉಳಿದ ಭಾಗ ಯಾರದಾಗುತ್ತದೆ? ಹಜ್ಜ್ ಯಾತ್ರೆಗೆ ಹೋಗಿ ಬಂದ ಹಿರಿಯರು ಇಲ್ಲಿದ್ದೀರಿ. ಮಸ್ಜಿದುಲ್ ಕಿಬ್ಲತೈನ್ ನೋಡಿ ಬಂದಿದ್ದೀರಿ. ಅದು ಇರುವುದು ಅದೇ ಬನೂ ಸಲಿಮರ ಪ್ರದೇಶದಲ್ಲಿ.

ಆದರೆ ಈ ಹದೀಸನ್ನು ಅರ್ಧ ಹಿಡಿಯಬಾರದು. ಬನೂ ಸಲಿಮರಿಗೆ ದೂರ ಇರಲು ಹೇಳಲಾಯಿತು, ಬಾರದಿರಲು ಹೇಳಲಿಲ್ಲ. ಹೆಜ್ಜೆ ದಾಖಲಾಗುವುದು ನಡೆದು ಬಂದವನದ್ದು. ಹಣಕೋಣದಲ್ಲಿ ಮನೆ ಮಾಡಿ ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿಯೇ ಉಳಿದುಬಿಡುವವನಿಗೆ ಇದು ಪುರಾವೆಯಾಗದು. ಊರಂಚಿನಲ್ಲಿ ನಿಂತು ಬಾಂಗ್ ಕೇಳಿಸುವಷ್ಟು ಹತ್ತಿರವಿರುವವರ ಮೇಲೆ ಜುಮುಅ ಕಡ್ಡಾಯವೆಂದು ನಮ್ಮ ಶಾಫಿಈ ಫುಕಹಾಗಳು ಬರೆದರು. ಅಂದಿನ ದೂರವನ್ನು ಕಿವಿಯಿಂದ ಅಳೆದಿದ್ದರು. ಇಂದು ಬೈಕ್ ಇರುವವನು ಕಿವಿಯ ನೆಪ ಹೇಳುವುದು ಸೋಗು. ಸದಾಶಿವಗಡಕ್ಕೆ ಹೋದರೆ ಮಸೀದಿಯಿದೆ, ಪೇಟೆಯಲ್ಲಿಯೂ ಇದೆ. ಶಂಸುದ್ದೀನ್ ಖರೋಬತ್‌ರ ದರ್ಗಾ ಇರುವುದು ಸದಾಶಿವಗಡದಲ್ಲಿ. ದರ್ಗಾಗಳಲ್ಲಿ ನಡೆಯುವ ಆಚರಣೆಗಳ ಬಗ್ಗೆ ನಮ್ಮ ಅಭಿಪ್ರಾಯ ತಮಗೆ ತಿಳಿದದ್ದೇ, ಇಲ್ಲಿ ಅದನ್ನು ತೆಗೆಯುವುದಿಲ್ಲ. ಆದರೆ ಚರಿತ್ರೆಯಾಗಿ ಅದು ಒಂದು ಸಾಕ್ಷ್ಯ ನುಡಿಯುತ್ತದೆ: ಕಾಳಿಯ ಈ ಉತ್ತರ ದಡ ನಮಗೆ ಅಪರಿಚಿತ ನೆಲವಲ್ಲ.

ಮಕ್ಕಳ ಮದ್ರಸದ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ನಮ್ಮ ಬಳಿ ಸುಲಭದ ಉತ್ತರವಿಲ್ಲ. ಮೊಹಲ್ಲಾದಲ್ಲಿ ಮಗು ಮದ್ರಸಕ್ಕೆ ತಾನಾಗಿಯೇ ಹೋಗುತ್ತದೆ, ಎಲ್ಲ ಮಕ್ಕಳೂ ಹೋಗುತ್ತವೆ ಎಂಬ ಕಾರಣಕ್ಕೆ. ಇಲ್ಲಿ ತಂದೆಯೋ ತಾಯಿಯೋ ದಿನವೂ ಅರ್ಧ ಗಂಟೆ ಕೂತು ಓದಿಸಬೇಕು. ಆ ಅರ್ಧ ಗಂಟೆಯನ್ನು ಕೊಡಲಾಗದವರು ಇಲ್ಲಿ ಮನೆ ಕಟ್ಟುವುದು ಬೇಡ. ಇದನ್ನು ನಾವು ಸ್ಪಷ್ಟವಾಗಿಯೇ ಹೇಳುತ್ತೇವೆ. ಇದ್ದಲ್ಲಿಂದಲೇ ಮಕ್ಕಳ ಕೈ ತಪ್ಪಿ ಹೋದ ಮನೆಗಳು ಮೊಹಲ್ಲಾದಲ್ಲಿಯೂ ಇಲ್ಲದಿಲ್ಲ ಎಂಬುದನ್ನೂ ಸೇರಿಸುತ್ತೇವೆ.

ಈಗ ಭಯದ ವಿಚಾರಕ್ಕೆ ಬರೋಣ.

ಭಯ ಕಟ್ಟುಕಥೆಯಲ್ಲ. ನಾವು ಪದವಿ ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ನಗರವೊಂದರಲ್ಲಿ ಮನೆ ಹುಡುಕಿದೆವು. ಒಂದು ಮನೆಯಲ್ಲಿ ಮುಂಗಡದ ಮಾತೂ ಮುಗಿದಿತ್ತು. ರಸೀದಿ ಬರೆಯಲು ಹೆಸರು ಕೇಳಿದ ಯಜಮಾನರು ಲೇಖನಿಯ ಮುಚ್ಚಳವನ್ನು ಹಾಕಿಬಿಟ್ಟರು. ಬೈಯಲಿಲ್ಲ, ಗದರಲಿಲ್ಲ, ಮಗ ಬೆಂಗಳೂರಿನಿಂದ ಬರುವವನಿದ್ದಾನೆ ಎಂದರು. ಹೀಗೆ ಎಷ್ಟೋ ಯಜಮಾನರ ಪುತ್ರರು ಇದ್ದಕ್ಕಿದ್ದಂತೆ ಬೆಂಗಳೂರಿನಿಂದ ಬಂದುಬಿಡುತ್ತಾರೆ! ಇಂಥ ನಿರಾಕರಣೆಗೆ ನಮ್ಮ ದೇಶದಲ್ಲಿ ಕಾನೂನಿನ ಮದ್ದು ಹೆಚ್ಚೇನೂ ಇಲ್ಲ. ಧರ್ಮದ ಆಧಾರದಲ್ಲಿ ತಾರತಮ್ಯ ಮಾಡಬಾರದೆಂದು ಸಂವಿಧಾನ ಹೇಳುವುದು ಪ್ರಭುತ್ವಕ್ಕೆ. ಖಾಸಗಿ ಮನೆ ಮಾಲಿಕನನ್ನು ಕಟ್ಟಿಹಾಕುವ ಸಮಗ್ರ ಕಾನೂನು ಇದುವರೆಗೂ ಬಂದಿಲ್ಲ. 2005ರಲ್ಲಿ ಅಹ್ಮದಾಬಾದಿನ ಪಾರ್ಸಿಗಳ ಗೃಹ ಸಹಕಾರ ಸಂಘದ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸುವ ನಿಯಮವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

2006ರ ಸಾಚಾರ್ ಸಮಿತಿಯ ವರದಿಯನ್ನು ನಾವು ಸಭೆ ಸಮಾರಂಭಗಳಲ್ಲಿ ಎಷ್ಟು ಬಾರಿ ಉಲ್ಲೇಖಿಸಿದ್ದೇವೆ! ನೌಕರಿಯ ಶೇಕಡಾವಾರು ಲೆಕ್ಕ ನಮಗೆ ಬಾಯಿಪಾಠ. ಅದೇ ವರದಿ, ಅಭದ್ರತೆಯ ಭಾವದಿಂದ ಮುಸ್ಲಿಮರು ದೇಶದ ಹಲವೆಡೆ ಒಂದೇ ಕಡೆ ಗುಂಪುಗೂಡಿ ವಾಸಿಸತೊಡಗಿದ್ದಾರೆಂದೂ, ಅಂಥ ಪ್ರದೇಶಗಳು ನೀರು, ಶಾಲೆ, ಬ್ಯಾಂಕುಗಳ ವಿಷಯದಲ್ಲಿ ಆಡಳಿತದ ನಿರ್ಲಕ್ಷ್ಯಕ್ಕೆ ಗುರಿಯಾಗುತ್ತವೆಂದೂ ದಾಖಲಿಸಿದೆ. ಈ ಪುಟವನ್ನು ನಾವು ಅಷ್ಟಾಗಿ ಓದುವುದಿಲ್ಲ. 2023ರಲ್ಲಿ ಹೊರಬಂದ, ಭಾರತದ ಸುಮಾರು 15 ಲಕ್ಷ ನೆರೆಹೊರೆಗಳ ಅಧ್ಯಯನವೊಂದು ಅದನ್ನೇ ಅಂಕೆಗಳಲ್ಲಿ ತೋರಿಸಿತು: ಶೇ. 26ರಷ್ಟು ಮುಸ್ಲಿಮರು ವಾಸಿಸುವುದು, ಶೇ. 80ಕ್ಕಿಂತ ಹೆಚ್ಚು ಮುಸ್ಲಿಮರೇ ಇರುವ ನೆರೆಹೊರೆಗಳಲ್ಲಿ. ಅಲ್ಲಿ ಸರಕಾರಿ ಶಾಲೆ, ಆಸ್ಪತ್ರೆಗಳಂಥ ಸೌಲಭ್ಯಗಳು ಕಡಿಮೆ. ಅಹ್ಮದಾಬಾದಿನ ಜುಹಾಪುರ ಇದಕ್ಕೆ ತಕ್ಕ ಉದಾಹರಣೆ. 1973ರ ಸಾಬರಮತಿ ನೆರೆಯಲ್ಲಿ ಮನೆ ಕಳೆದುಕೊಂಡವರಿಗಾಗಿ ಅಲ್ಲಿ ಬಡಾವಣೆಯಾಯಿತು. ಆಗ ಅಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. 1985, 1992, 2002, ಒಂದೊಂದು ಗಲಭೆಯ ನಂತರ ಒಂದೊಂದು ಸಮುದಾಯ ಒಂದೊಂದು ಕಡೆಗೆ ಸರಿದು, ಇಂದು ಅದು ದೇಶದ ಅತಿ ದೊಡ್ಡ ಮುಸ್ಲಿಮ್ ಕೇರಿಗಳಲ್ಲೊಂದು. ಅಲ್ಲಿ ನ್ಯಾಯಾಧೀಶರಾಗಿದ್ದವರೂ ಇದ್ದಾರೆ, ಆಟೋ ಓಡಿಸುವವರೂ ಇದ್ದಾರೆ. ಹಣವಿದ್ದರೂ ಬೇರೆ ಕಡೆ ಮನೆ ಸಿಗದವರ ಊರು ಅದು.

ಹೊರಗಿನವರು ದೂಡಿದ್ದು ನಿಜ. ಆದರೆ ಯಾರೂ ದೂಡದಿದ್ದಲ್ಲಿಯೂ ನಾವಾಗಿಯೇ ಒಳಗೆ ಸರಿಯುವುದು ಯಾಕೆ? ಇತ್ತೀಚೆಗೆ ನಿವೇಶನದ ದಲ್ಲಾಳಿಗಳು ಹಂಚುವ ಕರಪತ್ರಗಳಲ್ಲಿ ಗುಂಬಝ್‌ನ ಚಿತ್ರವಿರುತ್ತದೆ. "ನಮ್ಮವರಿಗೆ ಮಾತ್ರ" ಎಂಬ ಒಕ್ಕಣೆಯಿರುತ್ತದೆ. ಮನೆ ನಿರಾಕರಿಸಿದವನ ಮಾತನ್ನೇ ತಿರುಗಿಸಿ ನಾವು ನಮ್ಮ ಗೇಟಿನ ಮೇಲೆ ಬರೆದುಕೊಂಡಂತಾಯಿತು. ಅಂಥ ಬಡಾವಣೆಯಲ್ಲಿ ಒಳಚರಂಡಿ ಇರುವುದಿಲ್ಲ, ಬಸ್ಸು ಬರುವುದಿಲ್ಲ, ಆದರೆ ಬೆಲೆ ಮಾತ್ರ ಪೇಟೆಯದ್ದು. ಭಯಕ್ಕೂ ಬೆಲೆ ಕಟ್ಟಿ ಮಾರುವವರಿದ್ದಾರೆ.

ಒಟ್ಟಾಗಿ ಇರುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ನಮ್ಮದೇ ಜಿಲ್ಲೆಯ ಭಟ್ಕಳವನ್ನು ನೋಡಿ. 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಝೀಮ್, 1919ರಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್. ಒಂದೆಡೆ ನೆಲೆ ನಿಂತ ಸಮುದಾಯವಲ್ಲದಿದ್ದರೆ ಅಷ್ಟು ಹಿಂದೆ ಅಂಥ ಸಂಸ್ಥೆಗಳು ಹುಟ್ಟುತ್ತಿರಲಿಲ್ಲ, ಸಾವಿರಾರು ಮಕ್ಕಳು ಓದುತ್ತಿರಲಿಲ್ಲ. ಮೊಹಲ್ಲಾ ಒಂದು ನಿಅಮತ್. ಹೆರಿಗೆಯ ರಾತ್ರಿ ಬಾಗಿಲು ಬಡಿಯಲು ಹತ್ತು ಮನೆಗಳಿರುವುದು ಸಣ್ಣ ಮಾತಲ್ಲ. ಈ ಮನೆಯ ಸೊಸೆಯೇ ನಮ್ಮೊಂದಿಗೆ ಹೇಳಿದರು: ಇಲ್ಲಿಗೆ ಬಂದ ಮೊದಲ ತಿಂಗಳು ಶಾಲೆಯಿಂದ ಬೇಗ ಬಂದು, ಗಂಡ ಅಂಗಡಿ ಮುಚ್ಚಿ ಬರುವ ತನಕ ಒಳಗಿನಿಂದ ಚಿಲಕ ಹಾಕಿ ಕೂರುತ್ತಿದ್ದರಂತೆ. ಮಾತನಾಡಲು ಜನವಿಲ್ಲದೆ ಟಿ.ವಿ.ಯನ್ನು ಸುಮ್ಮನೆ ಹಚ್ಚಿಡುತ್ತಿದ್ದರಂತೆ. ಹೊಸ ಜಾಗಕ್ಕೆ ಹೋಗುವ ನಿರ್ಧಾರವನ್ನು ಗಂಡಸರು ಮಾಡುತ್ತಾರೆ, ಅಲ್ಲಿನ ಮಧ್ಯಾಹ್ನಗಳನ್ನು ಹೆಂಗಸರು ಕಳೆಯಬೇಕಾಗುತ್ತದೆ. ಇಲ್ಲಿ ನಿರ್ಧಾರ ಆಕೆಯದೇ ಆಗಿದ್ದರೂ ಆ ಮಧ್ಯಾಹ್ನಗಳು ಕಠಿಣವಾಗಿಯೇ ಇದ್ದವು.

ಚಿಲಕ ತೆಗೆಸಿದ್ದು ಯಾರು? ಈ ಮನೆಯ ಯಜಮಾನಿ. ಒಂದು ಮಧ್ಯಾಹ್ನ ಕಾಳಿಯ ತಿಸ್ರೆ ತಂದು, "ಅಕ್ಕೋರೇ, ನೀವು ತಿಸ್ರೆ ತಿನ್ನುತ್ತೀರೋ ಇಲ್ಲವೋ ಗೊತ್ತಾಗಲಿಲ್ಲ, ಕೇಳಲು ಬಂದೆ" ಎಂದರಂತೆ. ಕೇಳಿ ತಿಳಿದುಕೊಂಡರೆ ಮುಗಿಯುವ ಸಂಶಯಗಳನ್ನು ನಾವು ಐವತ್ತು ವರ್ಷ ಹೊತ್ತು ತಿರುಗುತ್ತೇವೆ. ಈದ್‌ನ ದಿನ ಶೀರ್ ಖುರ್ಮಾದ ಪಾತ್ರೆ ಹೋಯಿತು, ಚೌತಿಯ ದಿನ ಕರಿದ ತಿಂಡಿ ಬಂತು. ಇವೆಲ್ಲ ಸಣ್ಣ ಸಂಗತಿಗಳೆಂದು ಗೊತ್ತು. ಇವುಗಳಿಂದ ದೇಶದ ರಾಜಕೀಯ ಬದಲಾಗದೆಂಬುದೂ ಗೊತ್ತು. ಆದರೆ ನಮ್ಮವರನ್ನೇ ನೋಡದ ಊರಿಗೆ ನಮ್ಮ ಬಗ್ಗೆ ಹೇಳುವವರು ಯಾರು? ದೂರದರ್ಶನದ ಚರ್ಚೆಗಳು, ಮೊಬೈಲಿಗೆ ಬಂದು ಬೀಳುವ ವಿಡಿಯೋಗಳು. ಸಂಬಂಧಿಕನಾದ ನೆರೆಯವನ ಜೊತೆಗೆ ಅನ್ಯನಾದ ನೆರೆಯವನಿಗೂ ಒಳಿತು ಮಾಡಬೇಕೆಂದು ಅನ್ನಿಸಾಅ್ ಅಧ್ಯಾಯ ಆಜ್ಞಾಪಿಸುತ್ತದೆ. ಜಿಬ್ರೀಲ್(ಅ) ನೆರೆಯವನ ಹಕ್ಕಿನ ಬಗ್ಗೆ ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ಆಸ್ತಿಯಲ್ಲಿಯೂ ಪಾಲು ಕೊಡಿಸಿಬಿಡುವರೋ ಎಂದು ಪ್ರವಾದಿ(ಸ)ಯವರಿಗೆ ಅನಿಸಿತ್ತು. ಅನ್ಯನಾದ ನೆರೆಯವನೇ ಇಲ್ಲದಂತೆ ಬದುಕಿದರೆ ಈ ಆಜ್ಞೆಯ ಅರ್ಧವನ್ನು ಎಲ್ಲಿ ಪಾಲಿಸುವುದು? ಮನೆಗಿಂತ ಮೊದಲು ನೆರೆಯವನನ್ನು ನೋಡು ಎಂಬ ಅರಬಿ ಮಾತೊಂದಿದೆ. ಅದನ್ನು ಹದೀಸ್ ಎಂದು ಹೇಳುವವರಿದ್ದಾರೆ. ಅದರ ಸನದು ದುರ್ಬಲವೆಂದು ವಿದ್ವಾಂಸರು ಹೇಳಿದ್ದಾರೆ. ಸನದು ದುರ್ಬಲವಾದರೂ ಅನುಭವ ದುರ್ಬಲವಲ್ಲ.

ಈ ಹಣಕೋಣದ ನೆರೆಯವರು ಎಂಥವರು ಎಂಬುದಕ್ಕೆ ಒಂದು ಹಳೆಯ ದಾಖಲೆಯೂ ಇದೆ. 2009-10ರ ಸುಮಾರಿಗೆ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಖಾಸಗಿ ಕಂಪನಿಯೊಂದು ಇಲ್ಲಿ ಕಲ್ಲಿದ್ದಲಿನ ಉಷ್ಣ ವಿದ್ಯುತ್ ಸ್ಥಾವರ ಕಟ್ಟಲು ಹೊರಟಿತ್ತು. ಇಂಥ ಯೋಜನೆಗಳು ಬರುವಾಗ ಉದ್ಯೋಗದ ಮಾತು ಎಲ್ಲಕ್ಕಿಂತ ಮುಂದೆ ಬರುತ್ತದೆ. ನಾವು ಇಂದು "ಕೆಲಸದ ಹತ್ತಿರ ಮನೆ ಮಾಡುವುದೇ" ಎಂದು ಕೇಳುತ್ತಿದ್ದೇವೆ. ಹಣಕೋಣದವರ ಮುಂದೆ ಅಂದು ಪ್ರಶ್ನೆ ತಿರುಗಿ ನಿಂತಿತ್ತು: ಮನೆಯ ಹತ್ತಿರಕ್ಕೆ ಬರುವ ಎಂಥ ಕೆಲಸವನ್ನೂ ಒಪ್ಪಿಕೊಳ್ಳುವುದೇ? ಅವರು ಗದ್ದೆ, ನದಿ, ಗಾಳಿ ಮುಂದಿಟ್ಟುಕೊಂಡು ಬೇಡವೆಂದರು. ಹೋರಾಟ ಮಾಡಿದರು. ಸ್ಥಾವರ ಇಲ್ಲಿ ತಲೆಯೆತ್ತಲಿಲ್ಲ.

ಈ ತಾಲೂಕಿನವರಿಗೆ ಆ ಎಚ್ಚರ ಸುಮ್ಮನೆ ಬಂದದ್ದಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು; ಕಾರವಾರ, ಅಂಕೋಲಾ ತಾಲೂಕುಗಳ ಕರಾವಳಿಯ ನಾಲ್ಕು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ದಂಡೆ ಬಿಟ್ಟು ಎದ್ದು ಹೋಗಬೇಕಾಯಿತು. 2005ರಲ್ಲಿ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ಪರಿಹಾರದ ಮೊಕದ್ದಮೆಗಳು ಆಮೇಲೂ ವರ್ಷಾನುಗಟ್ಟಲೆ ನಡೆದವು. ಕೆಲಸ ಊರಿಗೆ ಬಂತು, ಊರೇ ಎದ್ದು ಹೋಯಿತು. ಕೈಗಾದ ಕಥೆ ಬೇರೆ. ಅಣು ಸ್ಥಾವರದ ನೌಕರರಿಗೆ ವಸತಿ ಕಟ್ಟಿದ್ದು ಸ್ಥಾವರದ ಪಕ್ಕದಲ್ಲಲ್ಲ, ದೂರದ ಮಲ್ಲಾಪುರದಲ್ಲಿ. ಸ್ಥಾವರದ ಸುತ್ತ ನಿಗದಿತ ವ್ಯಾಪ್ತಿಯಲ್ಲಿ ಯಾರೂ ವಾಸಿಸುವಂತಿಲ್ಲ ಎಂಬುದು ನಿಯಮ. ಕೆಲಸದಿಂದ ಎಷ್ಟು ದೂರ ಇರಬೇಕೆಂಬುದನ್ನು ಅಲ್ಲಿ ಸರಕಾರವೇ ಅಳೆದು ಕೊಟ್ಟಿತು. ನಮಗೆ ಅಳೆದು ಕೊಡುವವರಿಲ್ಲ, ನಾವೇ ಅಳೆದುಕೊಳ್ಳಬೇಕು.

ಹಾಗೆ ಅಳೆಯುವಾಗ ಭಾವನೆಯಷ್ಟೇ ಸಾಲದು. ಜಾಗ ಕೊಳ್ಳುವವರು ಕೆಲವು ವಿಚಾರಗಳನ್ನು ನೋಡಲೇಬೇಕು. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈನಲ್ಲಿಯೂ ಕಾಳಿ ದಂಡೆಯ ಊರುಗಳಲ್ಲಿ ಮನೆಗಳಿಗೆ ನೀರು ನುಗ್ಗಿತು. ಈ ಐದು ಗುಂಟೆಯಲ್ಲಿ ಆಗ ನೀರು ಎಲ್ಲಿಯ ತನಕ ಬಂದಿತ್ತು? ಇದನ್ನು ಮಾರುವವರನ್ನಲ್ಲ, ಆಚೆಮನೆಯ ಅಜ್ಜಿಯನ್ನು ಕೇಳಿ. ಬಾವಿಯ ನೀರನ್ನು ಮಳೆಗಾಲದಲ್ಲಿ ಕುಡಿದು ಮೆಚ್ಚಬೇಡಿ. ಎಪ್ರಿಲ್, ಮೇ ತಿಂಗಳಲ್ಲಿ ಕುಡಿದು ನೋಡಿ, ಉಪ್ಪು ಏರುತ್ತದೋ ಎಂಬುದು ಆಗ ತಿಳಿಯುತ್ತದೆ. ಜಾಗ ಬಿನ್‌ಶೇತ್ಕಿ ಆಗಿದೆಯೇ, ಪಂಚಾಯತಿನ ಇ-ಸ್ವತ್ತು ನಮೂನೆ 9 ಮತ್ತು 11 ಇವೆಯೇ, ಉಬ್ಬರದ ನೀರು ಬರುವ ನದಿಯ ಅಂಚಾದ್ದರಿಂದ ಕರಾವಳಿ ನಿಯಂತ್ರಣ ವಲಯದ ಮಿತಿಯೊಳಗೆ ಬರುತ್ತದೆಯೇ, ಇವನ್ನೆಲ್ಲ ಕಾಗದದಲ್ಲಿ ನೋಡಿ. ಯಜಮಾನರು ಸಜ್ಜನರು ಎಂಬ ಕಾರಣಕ್ಕೆ ಕಾಗದ ನೋಡದಿರುವುದು ಸಜ್ಜನಿಕೆಯಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ಇಟ್ಟುಕೊಳ್ಳಿ ಎಂದು ಕಲಿಸಿದ ಕುರ್‌ಆನಿನ ವಚನ ಇಡೀ ಗ್ರಂಥದಲ್ಲಿಯೇ ಅತಿ ದೀರ್ಘವಾದುದು.

ಹಣದ ಬಗ್ಗೆ ಒಂದೇ ಮಾತು. ಬಡ್ಡಿಯ ಗೃಹಸಾಲ ಪಡೆದು ಮನೆ ಕಟ್ಟುವುದಾದರೆ ಈ ಸಭೆಯ ಆಶೀರ್ವಾದ ಕೇಳಬೇಡಿ. ಮನೆಯ ಯಜಮಾನರು ಮೂರು ಕಂತುಗಳಲ್ಲಿ ಹಣ ಪಡೆಯಲು ಒಪ್ಪಿದ್ದಾರೆಂದು ಕೇಳಿ ಸಂತೋಷವಾಯಿತು. ಇದೇ ಕುಟುಂಬದಲ್ಲಿ ಮುಂದಿನ ವರ್ಷ ಇನ್ನೊಂದು ಮದುವೆಯಿದೆ. ಆ ಮದುವೆಯ ಊಟಕ್ಕೆ ಎಷ್ಟು ಮಂದಿಯನ್ನು ಕರೆಯಬೇಕೆಂದು ಲೆಕ್ಕ ಹಾಕುವಾಗ ಮೊದಲನೆಯ ಕಂತನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಹಾಗಾದರೆ ತಮ್ಮ ಅಭಿಪ್ರಾಯವೇನು ಎಂದು ಹಿರಿಯರು ಕೇಳುತ್ತಿದ್ದಾರೆ. ನೀರು, ಕಾಗದ ಎರಡೂ ಸರಿಯಿದ್ದರೆ ತೆಗೆದುಕೊಳ್ಳಿ, ನೆಲೆ ನಿಲ್ಲಿ ಎಂಬುದು ನಮ್ಮ ಅಭಿಪ್ರಾಯ. ಆಕೆಯ ಶಾಲೆ ಹತ್ತಿರವಾಗುತ್ತದೆ ಎಂಬುದು ಅದಕ್ಕೆ ಸಾಕಾದ ಕಾರಣ. ಆಕೆ ಉಳಿದದ್ದರಿಂದ ಇಲ್ಲಿನ ಮಕ್ಕಳಿಗೆ, ಸಂಜೆ ನಾಲ್ಕಕ್ಕೆ ಬಸ್ಸಿನ ಕಡೆಗೆ ಓಡಿಹೋಗದ ಒಬ್ಬ ಅಕ್ಕೋರು ಸಿಗುತ್ತಾರೆ. ಇದು ಕಾರಣಕ್ಕೆ ಮೇಲಿನದು. ಅತ್ತೆಯವರ ವಿಚಾರ ಮಾತ್ರ ನಮ್ಮನ್ನು ಕಾಡುತ್ತದೆ. ಎಪ್ಪತ್ತು ದಾಟಿದವರು ಮೊಹಲ್ಲಾದ ಮನೆ ಬಿಟ್ಟು ಬರಲಾರೆ ಎಂದಿದ್ದಾರೆ. ಅವರನ್ನು ಒಂಟಿಯಾಗಿ ಬಿಡಲು ಯಾವ ಹದೀಸೂ ಅನುಮತಿ ಕೊಡದು. ಮಗ ದಿನವೂ ಪೇಟೆಗೆ ಹೋಗುವವನು. ಮಧ್ಯಾಹ್ನದ ಊಟವನ್ನು ಅಂಗಡಿಯಲ್ಲಿ ಡಬ್ಬಿ ಬಿಚ್ಚಿ ಉಣ್ಣುವ ಬದಲು ತಾಯಿಯ ಮನೆಯಲ್ಲಿ ಉಣ್ಣಲಿ. ತಂಗಿಯ ಕುಟುಂಬ ಕೆಳಗಿನ ಮನೆಯಲ್ಲಿದೆ. ಗುರುವಾರ ಸಂಜೆ ಸಂಸಾರ ಸಮೇತ ಹೋಗಿ, ಶುಕ್ರವಾರ ಜುಮುಅ ಅಲ್ಲಿಯೇ ಮಾಡಲಿ. ಸೊಸೆಯವರು ಆ ಬೆಳಿಗ್ಗೆ ಒಂದು ದಿನ ಹಳೆಯ ಬಸ್ಸಿನಲ್ಲಿ ಶಾಲೆಗೆ ಬರಲು ಒಪ್ಪಿದ್ದಾರೆ. ಅತ್ತೆಯವರು ಇನ್ನೂ ತಲೆಯಾಡಿಸಿಲ್ಲ. ಅವರು ಒಪ್ಪುವ ತನಕ ಬಯಾನಾ ಕೊಡಬೇಡಿ ಎಂದು ಮಗನಿಗೆ ನಾವು ಖಾಸಗಿಯಾಗಿ ಹೇಳಿದ್ದೇವೆ, ಈಗ ಬಹಿರಂಗವಾಗಿಯೂ ಹೇಳುತ್ತಿದ್ದೇವೆ.

ಇನ್ನು ಜಮಾಅತಿನ ಪುಸ್ತಕ. ಇಲ್ಲಿ ಪದಾಧಿಕಾರಿಗಳಲ್ಲಿ ಇಬ್ಬರು ಕುಳಿತಿದ್ದಾರೆ, ಆದ್ದರಿಂದ ನೇರವಾಗಿ ಹೇಳುತ್ತೇವೆ. ಮೊಹಲ್ಲಾ ಬಿಟ್ಟವನ ಹೆಸರು ತೆಗೆದರೆ ನಾಳೆ ಅವನ ಮಗಳ ನಿಕಾಹ್ ಯಾವ ಪುಸ್ತಕದಲ್ಲಿ ದಾಖಲಾಗಬೇಕು, ಅವನ ಮಯ್ಯಿತ್ ಯಾವ ಕಬರಸ್ತಾನಕ್ಕೆ ಹೋಗಬೇಕು? ಅಂಥ ಭಯವಿಟ್ಟು ಜನರನ್ನು ಒಂದೇ ಬೀದಿಯಲ್ಲಿ ಹಿಡಿದಿಟ್ಟರೆ, ಹೊರಗಿನವರು ಮಾಡುವ ಕೆಲಸವನ್ನು ನಾವು ಒಳಗಿನಿಂದ ಮಾಡಿದಂತಾಗುತ್ತದೆ. ಸೌದಿಯಲ್ಲಿ ಇಪ್ಪತ್ತು ವರ್ಷ ಇದ್ದವನ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ, ಯಾಕೆಂದರೆ ಅಲ್ಲಿಂದ ಹಣ ಬರುತ್ತದೆ. ಹಣಕೋಣ ಅದಕ್ಕಿಂತ ದೂರವೇ? ಇವರಿಂದ ತಿಂಗಳ ವಂತಿಗೆಯನ್ನು ತಪ್ಪದೆ ವಸೂಲಿ ಮಾಡಿ, ಬಾರದಿದ್ದರೆ ಮನೆಗೇ ಬಂದು ಕೇಳಿ. ಬರುವಾಗ ಮುಅಲ್ಲಿಮರೊಬ್ಬರನ್ನು ವಾರಕ್ಕೆ ಎರಡು ದಿನ ಈ ಕಡೆಗೆ ಕಳುಹಿಸಲು ಸಾಧ್ಯವೇ ಎಂದು ವಿಚಾರಿಸಿ. ಸದಾಶಿವಗಡದಿಂದ ಆಚೆ ಇನ್ನೂ ಮೂರು ಮನೆಗಳ ಮಕ್ಕಳಿದ್ದಾರೆಂದು ಈಗ ತಾನೇ ತಿಳಿದುಬಂತು. ಮುಂದಿನ ಜುಮುಅದ ನಂತರ ತಮ್ಮ ಸಭೆಯಿದೆಯೆಂದು ಹೇಳಿದಿರಿ. ಪುಸ್ತಕವನ್ನು ಆ ದಿನ ಮೇಜಿನ ಮೇಲೆ ತೆರೆದಿಡಿ, ಈ ಹುಡುಗನ ಹೆಸರಿನ ಮುಂದೆ ಹಳೆಯ ವಿಳಾಸವನ್ನು ಹೊಡೆದು ಹೊಸ ವಿಳಾಸವನ್ನು ಬರೆಯಿರಿ. ಬರೆದಾದ ಮೇಲೆ ನಮಗೊಂದು ಫೋನ್ ಮಾಡಿ.

ಅಸರ್‌ಗೆ ಹೊತ್ತಾಗುತ್ತಿದೆ. ಅಂಗಳದಲ್ಲಿ ಚಾಪೆ ಹಾಕಿದ್ದಾರೆ. ವುಝೂಗೆ ನೀರು ಯಜಮಾನರ ಬಾವಿಯಿಂದಲೇ ಸೇದಿಟ್ಟಿದೆ. ಸರದಿಯ ಮೇಲೆ ಬನ್ನಿ.